ಸೀಟಿ ಇಲ್ಲದ ಬ್ಯಾಂಡ್

ಎಪ್ಪತ್ತರ ದಶಕದ ಕೊನೆಗೆ ನಾನು ಅಜ್ಜಂಪುರದ ಹೈಸ್ಕೂಲೊಂದರಲ್ಲಿ ಡ್ರಿಲ್ ಟೀಚರ್ ಆಗಿದ್ದೆ. ಮನೆ ಕಡೂರಿನಲ್ಲಿ. ಒಂದೂವರೆ ವರ್ಷದ ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ದಿನವೂ ರೈಲಿನಲ್ಲಿ ಓಡಾಡುತ್ತಿದ್ದೆ. ಹುಡುಗಿಯರ ಬ್ಯಾಂಡ್ ನನ್ನ ಪಾಲಿಗೆ ಬಂತು: ಆರು ಸೈಡ್ ಡ್ರಮ್, ಒಂದು ದೊಡ್ಡ ಡ್ರಮ್, ನಾಲ್ಕು ಬ್ಯೂಗಲ್.

ಬ್ಯೂಗಲ್ಲಿಗೆ ಕೊಳಲಿನಂತೆ ತೂತಿಲ್ಲ. ಉಸಿರಿನಲ್ಲಿ ಬರುವ ನಾಲ್ಕೈದು ಸ್ವರವೇ ಗತಿ. ಎಲ್ಲರೂ ಒಟ್ಟಿಗೆ ಊದುತ್ತ ಸಾಲಾಗಿ ನಡೆದರೆ ಮುಗಿಯಿತು. ನನಗೆ ಬೇಸರವಾಗಿ, ಬ್ಯೂಗಲ್ಲಿನವರನ್ನು ಇಬ್ಬಿಬ್ಬರಂತೆ ಮೈದಾನದ ಎರಡು ತುದಿಗೆ ನಿಲ್ಲಿಸಿದೆ. ಒಂದು ಜೋಡಿ ಕೇಳಿದರೆ ಇನ್ನೊಂದು ಉತ್ತರಿಸಬೇಕು. ಡ್ರಮ್ಮಿನವರಿಗೆ ವೀರಗಾಸೆಯ ಪೆಟ್ಟು ಕಲಿಸಿದೆ. ನಾನು ಸೀಟಿ ಊದಿದಾಗ ಅವರ ಸಾಲು ಒಡೆದು ರಂಗೋಲಿಯ ಎಸಳಿನಂತೆ ಬಿಚ್ಚಿಕೊಳ್ಳುತ್ತಿತ್ತು. ತರೀಕೆರೆಯಲ್ಲಿ ಆಗಸ್ಟ್ ಹದಿನೈದರ ಬ್ಯಾಂಡ್ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂತು.

ಅಲ್ಲಿಗೆ ನಾನು ಸಿಕ್ಕಿಬಿದ್ದೆ. ಹೆಡ್‌ಮಾಸ್ಟರು ಎರಡು ಹೊತ್ತೂ ಅಭ್ಯಾಸ ಕಡ್ಡಾಯ ಮಾಡಿದರು. ಸಂಜೆಯ ರೈಲು ತಪ್ಪತೊಡಗಿ, ಅಜ್ಜಂಪುರದಲ್ಲೇ ಒಂದು ಕೋಣೆ ಹಿಡಿದೆ. ಶನಿವಾರ ಮನೆಗೆ ಹೋದರೆ ಮಗಳು ಅತ್ತೆಯ ಸೆರಗು ಹಿಡಿದು ದೂರದಿಂದ ನೋಡುತ್ತಿದ್ದಳು. ವರ್ಗಾವಣೆಗೆ ಅರ್ಜಿ ಕೊಟ್ಟೆ.

"ನೀವು ಹೋದ್ರೆ ಬ್ಯಾಂಡ್ ಯಾರು ನೋಡ್ಕೋತಾರೆ? ಮುಂದಿನ್ ವರ್ಷ ನೋಡಾಣ ಕಣಮ್ಮಾ" ಎಂದು ಹೆಡ್‌ಮಾಸ್ಟರು ಅದನ್ನು ಮೇಜಿನ ಖಾನೆಗೆ ಸೇರಿಸಿದರು.

ಮರುವರ್ಷವೂ ಅದೇ ಮಾತು. ಬ್ಯಾಂಡ್ ಚೆನ್ನಾದಷ್ಟೂ ನನ್ನ ಬಿಡುಗಡೆ ದೂರ ಸರಿಯುತ್ತಿತ್ತು. ಬೇಕೆಂದೇ ಕೆಡಿಸಿಬಿಡಲೇ ಎಂದೂ ಯೋಚಿಸಿದೆ. ಹುಡುಗಿಯರ ಮುಖ ನೋಡಿ ಮನಸ್ಸಾಗಲಿಲ್ಲ.

ಮೂರನೆಯ ವರ್ಷ ಸೀಟಿಯನ್ನೇ ಬಿಟ್ಟೆ. ದೊಡ್ಡ ಡ್ರಮ್ಮಿನ ಹುಡುಗಿಗೆ ಹೇಳಿದೆ: "ನೀನು ಎರಡು ಸಲ ಜೋರಾಗಿ ಹೊಡಿ, ಸಾಲು ತಿರುಗುತ್ತೆ. ಮೂರು ಹೊಡಿ, ಬ್ಯೂಗಲ್ ಶುರು. ನನ್ ಕಡೆ ನೋಡ್ಬೇಡ."

"ತಪ್ಪಿದ್ರೆ ಮಿಸ್?"

"ಇನ್ನೊಂದ್ಸಲ ಹೊಡಿ."

ಆ ವರ್ಷದ ಸ್ಪರ್ಧೆಗೆ ತರೀಕೆರೆಯಲ್ಲಿ ನಾನು ಜನರ ನಡುವೆ ಕುಳಿತೆ. ಒಂದು ಕಡೆ ಸಾಲು ತಪ್ಪಿತು. ನನ್ನ ಕೈ ಕುತ್ತಿಗೆಯ ಹತ್ತಿರ ಸೀಟಿಗಾಗಿ ತಡಕಿತು. ಅಷ್ಟರಲ್ಲಿ ಅವಳು ಮತ್ತೆ ಎರಡು ಪೆಟ್ಟು ಕೊಟ್ಟಳು, ಸರಿಹೋಯಿತು.

ಹೆಡ್‌ಮಾಸ್ಟರು ಹುಡುಕಿಕೊಂಡು ಬಂದರು. "ಇಲ್ಯಾಕೆ ಕೂತಿದೀರಿ?"

"ಅಲ್ಲಿ ನಂಗೇನೂ ಕೆಲ್ಸ ಇಲ್ಲ ಸಾರ್."

ಅವರು ನನ್ನ ಪಕ್ಕದಲ್ಲೇ ಕೂತು ಬ್ಯಾಂಡನ್ನು ಕೊನೆಯವರೆಗೂ ನೋಡಿದರು. ಮರುವಾರ ಅರ್ಜಿ ಖಾನೆಯಿಂದ ಹೊರಬಿದ್ದು ಮೇಲಿನ ಕಚೇರಿಗೆ ಹೋಯಿತು.

ಸಿಕ್ಕಿದ್ದು ಕಡೂರಲ್ಲ, ಪಂಚನಹಳ್ಳಿ. ಆದರೂ ಸಂಜೆ ಬಸ್ಸಿಗೆ ಮನೆ ಸೇರಬಹುದಿತ್ತು. ಮಗಳು ನನ್ನ ಕೈಯಿಂದ ತುತ್ತು ತಿನ್ನಲು ಒಪ್ಪುವಷ್ಟರಲ್ಲಿ ಇನ್ನೂ ಒಂದು ತಿಂಗಳು ಕಳೆಯಿತು.