ಕುಂಟು ತೋಳದ ಹೆಜ್ಜೆ

ಬಿಬವೇವಾಡಿಯ ಭಾಮಾಬಾಯಿ ಕಾಡು ಕಂಡವರಲ್ಲ. ಆದರೆ ಹುಲಿ, ಕರಡಿ, ಜಿಂಕೆ ಎಲ್ಲವೂ ಅವರ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ನಡೆದಾಡಿವೆ. ನಗಬೇಡಿ! ದೂರದಿಂದ ಹಿಡಿದ ಪ್ರಾಣಿಯ ಚಿತ್ರ ಕ್ಯಾಮೆರಾಗೆ ಸಿಗುತ್ತದೆ, ಹೆಜ್ಜೆಯ ಸಪ್ಪಳ ಸಿಗುವುದಿಲ್ಲ. ಅದನ್ನು ಆಮೇಲೆ ಯಾರಾದರೂ ಮಾಡಿ ಕೂಡಿಸಬೇಕಲ್ಲ? ಉಣ್ಣೆಯ ಕೈಗವಸಿನ ಬೆರಳತುದಿಗೆ ಹುಣಸೆಬೀಜ ಹೊಲಿದು, ಪರಾತವೆಂಬ ಅಗಲ ತಟ್ಟೆಯಲ್ಲಿ ಹರಡಿದ ಮಣ್ಣಿನ ಮೇಲೆ ಕೈ ನಡೆಸಿದರೆ ಪಂಜವೂ ಆಯಿತು, ಉಗುರೂ ಆಯಿತು. ಧಾರವಾಡದಲ್ಲಿ ಹುಡುಗಿಯಾಗಿದ್ದಾಗಿನಿಂದ ತಬಲಾ ನುಡಿಸಿ ಪಳಗಿದ ಕೈ. ಭಾಮಾಬಾಯಿ ಹಾಕಿದ ಹೆಜ್ಜೆ ಸುಳ್ಳಾಡುವುದಿಲ್ಲ ಎಂಬ ಮಾತು ಈ ಕಸುಬಿನವರಲ್ಲಿತ್ತು.

ಅವತ್ತು ಮಧ್ಯಾಹ್ನ ಊರಿನ ಇನ್ನೊಂದು ತುದಿಯ ವಾಕಡದಿಂದ ಅವಿನಾಶ್ ಬಂದ. ಸಾಸವಡ ಕಡೆಯ ಹುಲ್ಲುಗಾವಲಿನ ಮುದಿ ತೋಳವೊಂದರ ಸಾಕ್ಷ್ಯಚಿತ್ರ ಮಾಡಿದ ಮೈಸೂರು ಹುಡುಗ. ಭಾಮಾಬಾಯಿ ಮೊದಲೇ ಮಾಡಿಕೊಟ್ಟಿದ್ದ ಹೆಜ್ಜೆ ಸಪ್ಪಳವನ್ನೂ ಕೂಡಿಸಿ ಚಿತ್ರ ಮುಗಿದಿತ್ತು, ಸಂಜೆ ಆರಕ್ಕೆ ಚಾನೆಲ್ಲಿಗೆ ಕಳಿಸಬೇಕು. ಖುಷಿಗೆ ತೋರಿಸಲು ತಂದಿದ್ದ. ಭಾಮಾಬಾಯಿ ನೋಡುತ್ತ ನೋಡುತ್ತ ಚಹಾದ ಕಪ್ಪು ಕೆಳಗಿಟ್ಟರು.

"ನಿಲ್ಲಸು ತಮ್ಮಾ. ತೋಳ ಕುಂಟಾಕತ್ತದ. ನನ್ನ ಸಪ್ಪಳ ಕುಂಟವಲ್ತು."

ನಿಜವೇ. ಮುಂದಿನ ಎಡಗಾಲನ್ನು ಅದು ಊರಿಯೂ ಊರದಂತೆ ಇಡುತ್ತಿತ್ತು. ತಬಲಾದ ಕೈ ಮಾತ್ರ ನಾಲ್ಕೂ ಹೆಜ್ಜೆಯನ್ನು ತಾಳಕ್ಕೆ ಸರಿಯಾಗಿ, ಚಂದವಾಗಿ ಹಾಕಿಬಿಟ್ಟಿತ್ತು.

"ಯಾರಿಗೂ ಗೊತ್ತಾಗಲ್ಲ ಆಂಟಿ, ಬಿಡಿ. ಟೈಮ್ ಇಲ್ಲ."

"ನನಗ ಗೊತ್ತಾತಲ್ಲೋ! ಸುಳ್ಳು ಹೆಜ್ಜಿ ಮ್ಯಾಲೆ ನನ್ನ ಹೆಸರು ಬ್ಯಾಡ."

ಮೈಕ್ ಹಚ್ಚಿ ಕೂತರು. ಒಂದು ಸಲ, ಎರಡು ಸಲ, ಐದು ಸಲ. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಹಾಗೆ ಕೈ ತಿರುತಿರುಗಿ ತಾಳಕ್ಕೇ ಬೀಳುತ್ತಿತ್ತು. ಗಂಟೆ ಐದಾಯಿತು. ಇಷ್ಟು ವರ್ಷದ ವಿದ್ಯೆಯೇ ಅಡ್ಡ ಬಂತಲ್ಲ ಎಂದು ಅವರಿಗೆ ಅಳುವೇ ಬಂತು.

"ತಾಳ ಎಣಸೂದು ಬಿಡವಲ್ತು ಈ ಹಾಳ ಕೈ. ಆ ತೋಳದ ಸುದ್ದಿ ಹೇಳು ನನಗ. ಸಣ್ಣ ದನಿಲೆ ಹೇಳು, ಮೈಕಿಗೆ ಕೇಳಬಾರದು."

ಅವಿನಾಶ್ ಕಿವಿಯ ಹತ್ತಿರ ಬಾಗಿ ಹೇಳಿದ. ಹಿಂಡು ಮುಂದೆ ಹೋಗುತ್ತಿತ್ತಂತೆ, ಇದು ಹಿಂದೆ. ದಿಬ್ಬ ಬಂದರೆ ಕೂತುಬಿಡುತ್ತಿತ್ತಂತೆ. ಒಂದು ಹೆಣ್ಣು ತೋಳ ಮಾತ್ರ ದಿನಾ ತಿರುಗಿ ಬಂದು, ಇದು ಏಳುವ ತನಕ ಕಾಯುತ್ತಿತ್ತಂತೆ. ಭಾಮಾಬಾಯಿ ತೆರೆ ನೋಡುತ್ತ ಕೇಳುತ್ತಿದ್ದರು. ಕೈ ತನ್ನ ಪಾಡಿಗೆ ತಾನು ನಡೆಯಿತು, ತಡವರಿಸಿತು, ನಿಂತಿತು, ಮತ್ತೆ ಎದ್ದಿತು.

ಚಿತ್ರಕ್ಕೆ ಕೂಡಿಸಿ ನೋಡಿದರು. ಅವಿನಾಶ್ ಅದೇ ತುಣುಕನ್ನು ಇನ್ನೊಮ್ಮೆ ಹಾಕಿದ.

"ಎರಡು ತಿಂಗಳು ಅದರ ಹಿಂದೆ ಅಲೆದೆ ಆಂಟಿ. ಅದಕ್ಕೆ ಇಷ್ಟು ನೋಯ್ತಿತ್ತು ಅಂತ ಈಗ ಗೊತ್ತಾಯ್ತು."

"ಹಂಗಾರ ಕಳಸು," ಎಂದು ಭಾಮಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು.