ಮೂರನೆಯ ಸಲ ಬಂದ ಕೋಟು

ಗುಂಡಿಯಕ್ಕ ಎಂದರೆ ಆ ಬೀದಿಗೆಲ್ಲ ಗೊತ್ತು. ತಮ್ಮನ ಲಾಂಡ್ರಿಯ ಹಿಂದಿನ ಕೋಣೆಯಲ್ಲಿ, ಇಸ್ತ್ರಿ ಮೇಜಿಗೂ ನೀರಿನ ತೊಟ್ಟಿಗೂ ನಡುವೆ ಒಂದು ಸ್ಟೂಲ್ ಹಾಕಿಕೊಂಡು ಹತ್ತೊಂಬತ್ತು ವರ್ಷ ಊರವರ ಅಂಗಿಗೆ ಗುಂಡಿ ಹೊಲಿದವಳು. ಕೆಲಸ ಮಾಡುವಾಗ ತುಟಿಯ ನಡುವೆ ಎರಡು ಸೂಜಿ ಇರುತ್ತಿದ್ದವು, ಹಾಗಾಗಿ ಮಾತು ಕಡಿಮೆ. ಮಾತು ಕಡಿಮೆ ಎಂಬ ಒಂದೇ ಕಾರಣಕ್ಕೆ ಜನ ಅವಳನ್ನು ಒಳ್ಳೆಯವಳು ಎನ್ನುತ್ತಿದ್ದರು. ಜನರಿಗೆ ಅಷ್ಟು ಸಾಕು.

ತಮ್ಮ ಅವಳಿಗೆ ತದ್ವಿರುದ್ಧ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಅವನ ಹೆಂಡತಿಯೇ ಹೇಳುತ್ತಿದ್ದಳು. ಆದರೆ ಗಲ್ಲಾದ ಮುಂದೆ ನಿಲ್ಲುವವನಿಗೆ ಬಾಯಿ ಬೇಕು, ಅವನು ನಿಲ್ಲುತ್ತಿದ್ದ. ಅಪ್ಪ ಬಿಟ್ಟುಹೋದ ಅಂಗಡಿ, ಅಕ್ಕನ ಕೈ, ತನ್ನ ಬಾಯಿ, ಇಷ್ಟರಲ್ಲಿ ಎರಡು ಸಂಸಾರ ನಡೆಯುತ್ತಿತ್ತು ಎಂದು ಅವನು ಹೇಳಿಕೊಳ್ಳುತ್ತಿದ್ದ. ನಿಜ ಹೇಳಬೇಕೆಂದರೆ ಗುಂಡಿಯಕ್ಕನ ಸಂಸಾರ ನಡೆಯುತ್ತಿದ್ದುದು ಅವಳ ಗಂಡನ ಸಂಬಳದಲ್ಲಿ. ಆತ ನೂಲಿನ ಗಿರಣಿಯ ಸ್ಟೋರಿನಲ್ಲಿ ಇಪ್ಪತ್ತೆರಡು ವರ್ಷ ಗುಮಾಸ್ತನಾಗಿದ್ದವನು. ಒಂದು ಉಂಡೆ ನೂಲು ಹೆಚ್ಚುಕಡಿಮೆಯಾದರೂ ಊಟ ಸೇರದ ಮನುಷ್ಯ. ಎತ್ತರದ ಆಳು, ಉದ್ದ ತೋಳು, ಮೂಗಿನ ತುದಿಯಲ್ಲೇ ಮಾನ.

ಮಾರುಕಟ್ಟೆ ಬಿದ್ದ ವರ್ಷ ಮೊದಲು ಮುಚ್ಚಿದ್ದು ಆ ಗಿರಣಿ. ಆಮೇಲೆ ಒಂದೊಂದಾಗಿ ಆಫೀಸುಗಳು. ಮನೆಯಲ್ಲಿ ಕೂತವರು ತಮ್ಮ ಬಟ್ಟೆಯನ್ನು ತಾವೇ ಒಗೆದುಕೊಳ್ಳತೊಡಗಿದರು. ಗಾಯದ ಮೇಲೆ ಬರೆ ಎಂಬಂತೆ ದೊಡ್ಡ ರಸ್ತೆಯಲ್ಲಿ ಗಾಜಿನ ಬಾಗಿಲಿನ ಮಷೀನ್ ಲಾಂಡ್ರಿಯೊಂದು ತೆರೆಯಿತು. ಒಂದು ಗಂಟೆಯಲ್ಲಿ ಬಟ್ಟೆ, ಅರ್ಧ ರೇಟು, ಕೂರಲು ಕುರ್ಚಿ. ತಮ್ಮ ನೊಣ ಹೊಡೆಯುತ್ತಾ ಕೂತ. ಅಂಗಡಿಯಲ್ಲಿ ತುಂಬಿ ತುಳುಕುತ್ತಿದ್ದದ್ದು ಒಂದೇ: ಒಗೆಯಲು ಕೊಟ್ಟು ಬಿಡಿಸಿಕೊಳ್ಳಲು ಬಾರದವರ ಕೋಟುಗಳು. ಎಪ್ಪತ್ತಕ್ಕೂ ಹೆಚ್ಚು. ಕೆಲಸ ಹೋದವನಿಗೆ ಕೋಟು ಯಾಕೆ? ಕೊಕ್ಕೆಯಲ್ಲಿ ಸಾಲಾಗಿ ತೂಗುತ್ತಿದ್ದವು.

"ಎಲ್ಲಾ ಹಳೇ ಬಟ್ಟೆಯವನಿಗೆ ಹಾಕಿಬಿಡ್ತೀನಿ," ಎಂದ ತಮ್ಮ.

ಗುಂಡಿಯಕ್ಕ ಬಾಯಿಂದ ಸೂಜಿ ತೆಗೆದಳು. "ಮಾರಬೇಡ. ನಾಳೆ ಅವರು ಬಂದು ಕೇಳಿದ್ರೆ ಏನ್ ಕೊಡ್ತೀಯ? ಕೆಲಸ ಹುಡುಕೋರಿಗೆ ಒಂದೊಂದು ದಿನಕ್ಕೆ ಬಾಡಿಗೆಗೆ ಕೊಡು. ಅಳತೆ ನಾನು ಸರಿ ಮಾಡ್ತೀನಿ."

ಮಾಡಿದಳು. ಒಳಗಡೆಯಿಂದ ಕಚ್ಚಾ ಹೊಲಿಗೆ ಹಾಕಿ ಸೊಂಟ ಹಿಡಿಯುವಳು, ತೋಳು ಮಡಚುವಳು, ಮರುದಿನ ಕೋಟು ವಾಪಸು ಬಂದಾಗ ದಾರ ಎಳೆದು ಮೊದಲಿನಂತೆ ಮಾಡುವಳು. ಸೂಜಿ ಹೋದ ಗುರುತೂ ಉಳಿಯುತ್ತಿರಲಿಲ್ಲ. ಬೇರೆಯವರ ಬಟ್ಟೆ ಹೀಗೆ ಕೊಡುವುದು ಸರಿಯೇ ಎಂದು ಕೇಳುವವರು ಹೊಟ್ಟೆ ತುಂಬಿದವರು. ಆ ಬೀದಿಯಲ್ಲಿ ಯಾರೂ ಕೇಳಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಗಾದೆಯವರು ನಗಲಿ, ಜುಟ್ಟಿಗೆ ಮಲ್ಲಿಗೆ ಇಲ್ಲದವನಿಗೆ ಆ ವರ್ಷ ಹಿಟ್ಟೂ ಸಿಗುತ್ತಿರಲಿಲ್ಲ. ಇಂಟರ್ವ್ಯೂ ಎಂದರೆ ಕೋಟು ಬೇಕು, ಕೋಟು ಎಂದರೆ ಈ ಅಂಗಡಿ. ಎರಡೇ ತಿಂಗಳಲ್ಲಿ ಬಾಗಿಲ ಮುಂದೆ ಸಾಲು ನಿಂತಿತು.

ಅವಳದು ಒಂದೇ ನಿಯಮ. "ಎಲ್ಲಿಗೆ ಹೋಗ್ತಿದ್ದೀರ?" ಎಂದು ಪ್ರತಿಯೊಬ್ಬನನ್ನೂ ಕೇಳುವಳು. ಒಂದೇ ಕಡೆಗೆ ಒಂದೇ ಕೋಟು ಎರಡು ಸಲ ಹೋಗಬಾರದು. ಯಾವ ಕೋಟು ಯಾವ ಆಫೀಸು ನೋಡಿದೆ ಎಂಬುದು ಅವಳ ತಲೆಯಲ್ಲಿತ್ತು. ತಮ್ಮನಿಗೆ ಇದು ಹೆಂಗಸರ ಪಿರಿಪಿರಿ.

ಹೀಗಿರುವಾಗ ಔಷಧಿ ಗೋದಾಮಿನಲ್ಲಿ ಸ್ಟೋರ್ ಕೀಪರ್ ಕೆಲಸ ಖಾಲಿ ಎಂಬ ಸುದ್ದಿ ಬಂತು. ಇನ್ನೂರೈವತ್ತು ಜನ ದುಡಿಯುವ ಜಾಗ, ಮುಚ್ಚುವ ಭಯವಿಲ್ಲ. ಗುಂಡಿಯಕ್ಕನ ಗಂಡ ಕೂತಲ್ಲಿಂದ ಎದ್ದ. ಕೆಲಸ ಹೋಗಿ ಎಂಟು ತಿಂಗಳು. ಆತ ಕನ್ನಡಿ ನೋಡಿಕೊಂಡದ್ದು ಅವತ್ತೇ. ಐವತ್ತು ದಾಟಿದವನಿಗೆ ಇದು ತಪ್ಪಿದರೆ ಇನ್ನೊಂದಿಲ್ಲ ಎಂದು ಗಂಡನಿಗೂ ಗೊತ್ತು, ಹೆಂಡತಿಗೂ ಗೊತ್ತು. ಆತನ ತೋಳಿಗೆ ಸಾಲುವ ಕೋಟು ಅಂಗಡಿಯಲ್ಲಿ ಒಂದೇ, ಒಂದು ಬೂದು ಬಣ್ಣದ್ದು. ಅದರ ಎರಡನೆಯ ಗುಂಡಿ ಕಳೆದುಹೋಗಿತ್ತು. ಎಷ್ಟು ಹುಡುಕಿದರೂ ಜೋಡಿ ಸಿಗದೆ, ಕೈಗೆ ಸಿಕ್ಕ ಕೆಂಚು ಗುಂಡಿಯೊಂದನ್ನು ಹೊಲಿದು, ಇಸ್ತ್ರಿ ಮಾಡಿ, ಬೇರೆ ಕೊಕ್ಕೆಗೆ ತೂಗುಹಾಕಿ, "ಇದು ನಿನ್ನ ಭಾವನಿಗೆ, ಮುಟ್ಟಬೇಡ" ಎಂದು ತಮ್ಮನಿಗೆ ಹೇಳಿಟ್ಟಳು.

ಇಂಟರ್ವ್ಯೂ ದಿನ ಗಂಡನ ಸರದಿ ಹನ್ನೆರಡಕ್ಕೆ. ಹನ್ನೊಂದಕ್ಕೆ ಗುಂಡಿಯಕ್ಕ ಕೋಟು ತರಲು ಮುಂದಿನ ಕೋಣೆಗೆ ಬಂದರೆ ಕೊಕ್ಕೆ ಖಾಲಿ. ತಮ್ಮ ಬೇರೆ ಕಡೆ ನೋಡುತ್ತಿದ್ದ. ಅಷ್ಟರಲ್ಲಿ ಒಬ್ಬ ಏದುಸಿರು ಬಿಡುತ್ತಾ ಓಡಿಬಂದು ಬೂದು ಕೋಟು ಕಳಚಿ ಮೇಜಿನ ಮೇಲೆ ಹಾಕಿದ. ಸೊಂಟ ಹಿಡಿಸಲು ಕೋಟಿನ ಬೆನ್ನಿಗೆ ನಾಲ್ಕು ಪಿನ್ನು ಚುಚ್ಚಿತ್ತು.

"ಎಲ್ಲಿಗೆ ಹೋಗಿದ್ರಿ?" ಎಂದಳು.

"ಔಷಧಿ ಗೋದಾಮಿಗೆ. ನನಗಿಂತ ಮುಂಚೆ ಇದನ್ನ ಹಾಕ್ಕೊಂಡು ಹೋದವನೂ ಅಲ್ಲಿಗೇ ಬಂದಿದ್ದ. ಬಾಗಿಲ ಹೊರಗಡೆ ನಾನು ಅವನಿಂದಾನೇ ಬಿಚ್ಚಿಸ್ಕೊಂಡೆ," ಎಂದು ಹೇಳಿ ಆತ ಹೊರಟುಹೋದ.

"ಇಬ್ಬರಿಗೂ ಡಬಲ್ ಬಾಡಿಗೆ ಅಕ್ಕ," ಎಂದ ತಮ್ಮ. "ಗೋದಾಮು ಎರಡು ಬೀದಿ ಆಚೆ, ಹೋಗಿ ಬರೋದು ಎಷ್ಟು ಹೊತ್ತು? ಕೂತಿರೋರು ಜನರ ಮುಖ ನೋಡ್ತಾರೆ, ಕೋಟಿನ ಮುಖ ನೋಡ್ತಾರಾ?"

ಗುಂಡಿಯಕ್ಕ ಕೋಟನ್ನು ಕೈಗೆತ್ತಿಕೊಂಡಳು. ಕಂಕುಳ ಬೇರೆಯವರ ಬೆವರಿಗೆ ಒದ್ದೆಯಾಗಿತ್ತು. ಪಿನ್ನು ಕಿತ್ತು, ಒದ್ದೆಯ ಮೇಲೆ ಇಸ್ತ್ರಿ ಒತ್ತುತ್ತಿರುವಾಗಲೇ ಗಂಡ ಬಂದ. ಮೀಸೆ ತಿದ್ದಿಕೊಂಡಿದ್ದ. ಕೋಟಿಲ್ಲದವರನ್ನು ಗೇಟಿನಲ್ಲೇ ವಾಪಸು ಕಳಿಸುತ್ತಿದ್ದಾರೆ ಎಂಬ ಸುದ್ದಿ ಬೆಳಿಗ್ಗೆಯೇ ಬಂದಿತ್ತು. ನಿಜ ಹೇಳಿದರೆ ಈ ಮಾನವಂತ ಇದನ್ನು ಮೈಗೆ ಹಾಕುವುದಿಲ್ಲ. ಹಾಕದಿದ್ದರೆ ಕೆಲಸವಿಲ್ಲ. ಹೇಳದಿದ್ದರೆ, ಯಾರಿಗೆ ಗೊತ್ತು, ತಮ್ಮ ಅಂದಂತೆ ಯಾರೂ ನೋಡದಿರಬಹುದು. ಅಡಕತ್ತರಿಯಲ್ಲಿ ಸಿಕ್ಕ ಹೆಂಗಸು ಕೋಟು ಬಿಡಿಸಿ ಹಿಡಿದಳು.

ಆತ ತೋಳು ತೂರಿಸಿದ. "ಕಂಕುಳ ಒದ್ದೆ ಇದೆಯಲ್ಲೇ?"

"ಈಗಷ್ಟೇ ಇಸ್ತ್ರಿ ಮಾಡಿದ್ದು ರೀ. ಆವಿ ಅದು."

ತನ್ನ ಕೈಯಾರೆ ಗುಂಡಿ ಹಾಕಿದಳು. ಕೆಂಚು ಗುಂಡಿಯನ್ನೂ.

ಒಂದೂವರೆಗೆ ಆತ ಕೋಟನ್ನು ಮಡಚಿ ತೋಳಿನ ಮೇಲೆ ಹಾಕಿಕೊಂಡು ಬಂದ. ಹಿಂದಿನ ಕೋಣೆಗೆ ಬಂದು ತೊಟ್ಟಿಯ ಅಂಚಿನಲ್ಲಿ ಕೂತ. ಮ್ಯಾನೇಜರ್ ಮೊದಲು ನೋಡಿದ್ದು ಆ ಗುಂಡಿಯನ್ನಂತೆ. "ಈ ಗುಂಡಿಗೆ ಬೆಳಿಗ್ಗೆಯಿಂದ ಮೂರನೇ ಸಲ ಕುರ್ಚಿ ಕೊಡ್ತಿದ್ದೀನಿ," ಎಂದನಂತೆ. ಪಕ್ಕದ ಕೋಣೆಯಿಂದ ಇನ್ನೂ ನಾಲ್ವರನ್ನು ಕರೆಸಿ, ಈತನನ್ನು ನಿಲ್ಲಿಸಿ, ಒಂದು ಸುತ್ತು ತಿರುಗಿಸಿ, ಕೋಟು ಬಿಚ್ಚಿಸಿ, ಕಾಲರಿನ ಒಳಗಿದ್ದ ಲಾಂಡ್ರಿಯ ಗುರುತನ್ನು ಗಟ್ಟಿಯಾಗಿ ಓದಿದರಂತೆ. "ಪಾಪ, ಇಷ್ಟು ಸಲ ಬಂದಿದೆ, ಕೆಲಸ ಈ ಕೋಟಿಗೇ ಕೊಟ್ಟುಬಿಡೋಣ," ಎಂದು ಒಬ್ಬ ಅಂದನಂತೆ. ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಇಪ್ಪತ್ತೆರಡು ವರ್ಷದ ಸ್ಟೋರಿನ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ.

"ನಂಗೆ ಗೊತ್ತಿರ್ಲಿಲ್ಲ ಅಂದೆ. ನಂಬಲಿಲ್ಲ," ಎಂದ ಗಂಡ. ಆಮೇಲೆ ಅವಳ ಮುಖ ನೋಡಿ, "ಅಳಬೇಡ್ವೆ. ನಿನ್ನ ತಮ್ಮ ನಿಂಗೂ ಮೋಸ ಮಾಡಿದ," ಎಂದ.

ಆ ಕ್ಷಣ ಒಂದು ಮಾತು ಹೇಳಬಹುದಿತ್ತು. ಅವಳು ತಲೆಯಾಡಿಸಿದಳು. ಹೌದು, ಮೋಸ ಮಾಡಿದ.

ಅತಿಯಾಸೆ ಗತಿಗೇಡು ಎಂದವರು ಈ ತಮ್ಮನನ್ನು ನೋಡಿರಲಿಲ್ಲ. ಮ್ಯಾನೇಜರ್ ಆ ಕತೆಯನ್ನು ಹೋದಲ್ಲೆಲ್ಲ ಹೇಳಿಕೊಂಡು ನಕ್ಕ. ನಕ್ಕು ಸಾಕಾದ ಮೇಲೆ, ಮೂರು ಜನರ ಮೈಗೆ ಒಂದೇ ಕೋಟು ಕೂರಿಸಿದ ಈ ಅಂಗಡಿಯವನು ಸಾಮಾನ್ಯನಲ್ಲ ಎಂದು ಅವನಿಗೆ ಅನ್ನಿಸಿತು. ಮೂರನೇ ವಾರ ಗೋದಾಮಿನಿಂದ ಆರ್ಡರ್ ಬಂತು: ಇನ್ನೂರೈವತ್ತು ಜನರ ನೀಲಿ ಅಂಗಿ, ವಾರಕ್ಕೆ ಎರಡು ಸಲ, ಒಗೆದು, ಹರಿದದ್ದು ಹೊಲಿದು ಕೊಡಬೇಕು. ಗಾಜಿನ ಬಾಗಿಲಿನವರು ಬಾಯಿ ಬಿಟ್ಟುಕೊಂಡು ನೋಡಿದರು. ಗಂಟು ಹೊರಲು ಆಳು ಬೇಕಾಯಿತು. "ಹೊರಗಿನವರು ಯಾಕೆ, ಭಾವ ಸುಮ್ಮನೇ ಕೂತಿದ್ದಾರಲ್ಲ," ಎಂದ ತಮ್ಮ.

ಬೇರೆ ದಾರಿ ಇರಲಿಲ್ಲ, ಗಂಡ ಹೊತ್ತ. ಗೋದಾಮಿನ ಗೇಟಿನಲ್ಲಿ ಆತನನ್ನು ಕಂಡ ಕೂಡಲೇ ಕಾವಲುಗಾರ "ಕೋಟು ಬಂತು, ಬಾಗಿಲು ತೆಗೀರಿ" ಎಂದು ಒಳಗೆ ಕೂಗುತ್ತಿದ್ದ. ಇಡೀ ಗೋದಾಮು ಹಾಗೇ ಕರೆಯಿತು. ಆತ ಮನೆಗೆ ಬಂದು ಹೆಂಡತಿಯ ಪಕ್ಕ ಕೂತು ಕಾಲು ಚಾಚುತ್ತಿದ್ದ. "ನಗದೇ ಇರೋಳು ನೀನೊಬ್ಬಳೇ," ಎನ್ನುತ್ತಿದ್ದ. ಆ ಮಾತು ಅವಳನ್ನು ಒಳಗೊಳಗೇ ಕೊಲ್ಲುತ್ತಿತ್ತು, ಆದರೂ ದಿನಾ ಕೇಳಬೇಕು ಅನ್ನಿಸುತ್ತಿತ್ತು.

ವರ್ಷ ತುಂಬಿದಾಗ ಆರ್ಡರ್ ಮುಂದುವರಿಸುವ ಮಾತಿಗೆ ಮ್ಯಾನೇಜರ್ ಸ್ವತಃ ಅಂಗಡಿಗೆ ಬಂದ. ತಮ್ಮ ಹೊಸ ಕುರ್ಚಿ ಹಾಕಿಸಿ ಕೂರಿಸಿದ. ಮಾತಿಗೆ ಮಾತು ಬೆಳೆದು ಮ್ಯಾನೇಜರ್, "ಆ ಕೋಟಿನ ಐಡಿಯಾ ಯಾರದ್ರೀ?" ಎಂದು ಕೇಳಿದ. ತಮ್ಮನಿಗೆ ಅಂದು ಧಾರಾಳ ಬಂದಿತ್ತು. ಅಕ್ಕನನ್ನು ಹಿಂದಿನ ಕೋಣೆಯಿಂದ ಕರೆದು ಭುಜದ ಮೇಲೆ ಕೈಯಿಟ್ಟ.

"ಎಲ್ಲಾ ಇವಳದೇ ಸಾರ್. ಎರಡು ಸಲ ಹೋಗಿ ಬಂದ ಕೋಟು, ಇನ್ನೂ ಬೆವರು ಆರಿರ್ಲಿಲ್ಲ. ಗೊತ್ತಿದ್ದೂ ಗೊತ್ತಿದ್ದೂ ಸ್ವಂತ ಗಂಡನಿಗೆ ಗುಂಡಿ ಹಾಕಿ ಕಳಿಸಿದ್ಳು. ಏನಾಗುತ್ತೋ ಆಗ್ಲಿ ಅಂತ. ಇಂಥ ಗಟ್ಟಿ ಎದೆ ಇದ್ರೆ ತಾನೇ ವ್ಯಾಪಾರ?"

ಮ್ಯಾನೇಜರ್ ಮೇಜು ತಟ್ಟಿ ನಕ್ಕ. ಗುಂಡಿಯಕ್ಕ ಬಾಗಿಲ ಕಡೆ ತಿರುಗಿದಳು. ಗಂಡ ಅಲ್ಲಿ ನೀಲಿ ಅಂಗಿಗಳ ಗಂಟನ್ನು ತಲೆಯ ಮೇಲೆ ಹೊತ್ತು ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಆತನ ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಸಿಟ್ಟು ಬಂದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು.

"ಅಮ್ಮಾವ್ರೆ," ಎಂದ, ಕೂಲಿಯವರು ಅಂಗಡಿಯ ಒಡತಿಯನ್ನು ಕರೆಯುವ ಹಾಗೆ. "ಈ ಗಂಟು ಎಲ್ಲಿಡ್ಲಿ?"

ಅವಳು ಕೈ ತೋರಿಸಿದಳು. ಆತ ಇಟ್ಟ, ಇನ್ನೊಂದು ತರಲು ಹೋದ.

ಅದಾಗಿ ಹನ್ನೊಂದು ವರ್ಷ. ಕೆಟ್ಟ ಕಾಲ ಕಳೆಯಿತು, ಗಾಜಿನ ಬಾಗಿಲಿನ ಅಂಗಡಿ ಮುಚ್ಚಿತು, ತಮ್ಮನದು ಈಗ ಮೂರು ಅಂಗಡಿ. ಕಷ್ಟದಲ್ಲಿ ವ್ಯಾಪಾರ ಉಳಿಸಿಕೊಳ್ಳುವುದು ಹೇಗೆ ಎಂದು ಬೇರೆ ಅಂಗಡಿಯವರು ಅವನನ್ನು ಕೇಳಲು ಬರುತ್ತಾರೆ, ಅವನು ಅಕ್ಕನ ಕಡೆ ಬೆರಳು ತೋರಿಸುತ್ತಾನೆ. ಗಂಡ ಮನೆ ಬಿಟ್ಟು ಹೋಗಲಿಲ್ಲ, ಕೈ ಎತ್ತಲಿಲ್ಲ, ಒಂದು ದಿನವೂ ಆ ವಿಷಯ ಎತ್ತಲಿಲ್ಲ. ಊಟಕ್ಕೆ ಕೂತು, ತಟ್ಟೆಯಿಂದ ತಲೆ ಎತ್ತದೆ, "ಅಮ್ಮಾವ್ರೆ, ಸ್ವಲ್ಪ ನೀರು ಬೇಕಿತ್ತು," ಎನ್ನುತ್ತಾನೆ. ಗುಂಡಿಯಕ್ಕ ಎದ್ದು ಹೋಗಿ ತಂದಿಡುತ್ತಾಳೆ.