ಶರಣಪ್ಪನಿಗೆ ಉಸಿರು ಕೊಟ್ಟ ದಿನ

ಅದು 1996ರ ಮಳೆಗಾಲ. ನಾನಾಗ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದೆ. ಮದುವೆಯಾಗಿ ಎರಡು ವರ್ಷವಾಗಿತ್ತು, ಮನೆ ಟಿ. ದಾಸರಹಳ್ಳಿಯಲ್ಲಿ. ನನ್ನದು ಸ್ವಲ್ಪ ಬಾಯಿ ಜೋರು ಅನ್ನುವುದು ಇಡೀ ಶೆಡ್ಡಿಗೇ ಗೊತ್ತಿತ್ತು.

ಆ ವರ್ಷ ಕಾರ್ಖಾನೆಗೆ ಒಬ್ಬರು ನಮಗೆಲ್ಲ ಪ್ರಥಮ ಚಿಕಿತ್ಸೆ ಹೇಳಿಕೊಡಲು ಬಂದಿದ್ದರು. ಉಸಿರು ನಿಂತವರ ಬಾಯಿಗೆ ಬಾಯಿ ಇಟ್ಟು ಉಸಿರು ಕೊಡುವುದನ್ನು ಒಂದು ರಬ್ಬರ್ ಬೊಂಬೆಯ ಮೇಲೆ ಮಾಡಿ ತೋರಿಸಿದರು. "ಈಗ ನಿಮ್ಮಲ್ಲಿ ಯಾರು ಮಾಡ್ತೀರಿ?" ಅಂದಾಗ ಗಂಡಸರೆಲ್ಲ ಮುಸಿಮುಸಿ ನಕ್ಕರೇ ಹೊರತು ಒಬ್ಬರೂ ಏಳಲಿಲ್ಲ. ನನಗೆ ರೇಗಿತು. ಎದ್ದುಹೋಗಿ ಬೊಂಬೆಗೆ ಊದಿ ಬಂದೆ. ಅವತ್ತಿನಿಂದ ನಾನು ಎಲ್ಲರ ಬಾಯಲ್ಲಿ 'ಡಾಕ್ಟ್ರಮ್ಮ' ಆದೆ.

ಅದಾಗಿ ಎರಡು ತಿಂಗಳಾಗಿರಬಹುದು. ಮಧ್ಯಾಹ್ನ ಊಟ ಮುಗಿಸಿ ಒಳಗೆ ಬರುತ್ತಿದ್ದೆ. ಶೆಡ್ಡಿನ ಬಾಗಿಲಲ್ಲಿ ಮಳೆನೀರು ನಿಂತಿತ್ತು. ಅಲ್ಲೇ ಶರಣಪ್ಪ ಕಬ್ಬಿಣ ಉಜ್ಜುವ ಗ್ರೈಂಡರ್ ಹಿಡಿದು ಕೆಲಸ ಮಾಡುತ್ತಿದ್ದ. ರಾಯಚೂರು ಕಡೆಯವನು, ಮೂವತ್ತರ ಆಸುಪಾಸು, ಮಾತು ಕಮ್ಮಿ. ಗ್ರೈಂಡರಿನ ವೈರು ಸವೆದಿತ್ತು, ಟೇಪು ಸುತ್ತಿ ನಡೆಸುತ್ತಿದ್ದರು. ಇದ್ದಕ್ಕಿದ್ದಂತೆ ಅವನ ಮೈಯೆಲ್ಲ ಅದುರಿತು. ವೈರಿನಿಂದ ಕಿಡಿ ಹಾರಿದ್ದು ನೋಡಿ ಯಾರೋ ಮೇನ್ ಸ್ವಿಚ್ ಇಳಿಸಿದರು. ಅವನು ದೊಪ್ಪನೆ ಬಿದ್ದ.

ಆಮೇಲೆ ಓಡಿಬಂದವರಿಗೆ ಶಾಕ್ ಹೊಡೆದದ್ದು ಗೊತ್ತಿಲ್ಲ. "ಫಿಟ್ಸ್ ಕಣ್ರೀ, ಕೈಗೆ ಕಬ್ಬಿಣ ಕೊಡಿ" ಅಂತ ಒಬ್ಬರು ಬೀಗದ ಕೈ ಗೊಂಚಲನ್ನು ಅವನ ಅಂಗೈಗೆ ತುರುಕಿದರು. ಇನ್ನೊಬ್ಬರು ಈರುಳ್ಳಿ ತರಲು ಕ್ಯಾಂಟೀನಿಗೆ ಓಡಿದರು. ನಾನು ಅವನ ಎದೆಯನ್ನೇ ನೋಡುತ್ತಿದ್ದೆ. ಅದು ಏರಿಳಿಯುತ್ತಿರಲಿಲ್ಲ.

ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಆದರೂ ಕಾಲು ಮುಂದೆ ಹೋಗಲಿಲ್ಲ. ಪರಗಂಡಸು, ಸುತ್ತ ಅಷ್ಟೊಂದು ಜನ. ನಮ್ಮ ಅತ್ತೆ ಮನೆಯಲ್ಲಿ ಒಬ್ಬರು ಕಚ್ಚಿ ಕುಡಿದ ಲೋಟವನ್ನು ಇನ್ನೊಬ್ಬರು ಮುಟ್ಟುವುದಿಲ್ಲ, ಎಂಜಲು. ಅದರ ಮೇಲೆ ಶರಣಪ್ಪನ ದವಡೆಯಲ್ಲಿ ತಂಬಾಕಿನ ಉಂಡೆ ಬೇರೆ. ಬೊಂಬೆಯ ಪಾಠ ಕೇಳಿದ್ದ ಗಂಡಸರ ಮುಖಗಳನ್ನು ಒಂದೊಂದಾಗಿ ನೋಡಿದೆ, ಯಾರಾದರೊಬ್ಬರು ಮುಂದೆ ಬರಲಿ ಅಂತ. ಅವರೆಲ್ಲ ನನ್ನನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಅವನ ತುಟಿ ನೀಲಿಯಾಗುತ್ತಿರುವುದು ಕಂಡಿತು.

"ಜರುಗಿ ಆ ಕಡೆ" ಅಂತ ಕಿರುಚಿ ಮಂಡಿಯೂರಿದೆ. ಬಾಯಿಗೆ ಬೆರಳು ಹಾಕಿ ತಂಬಾಕು ತೆಗೆದೆಸೆದೆ. ಮೂಗು ಹಿಡಿದು ಊದಿದರೆ ಎದೆ ಏಳಲೇ ಇಲ್ಲ. ಗಾಬರಿಯಲ್ಲಿ ಅವನ ತಲೆ ಹಿಂದಕ್ಕೆ ಬಾಗಿಸುವುದನ್ನೇ ಮರೆತಿದ್ದೆ. ಗದ್ದ ಎತ್ತಿ ಮತ್ತೆ ಊದಿದೆ. ಈ ಸಲ ಎದೆ ಏರಿತು. ಕತ್ತಿನ ಪಕ್ಕ ಬೆರಳಿಟ್ಟರೆ ನಾಡಿ ಸಣ್ಣಗೆ ಬಡಿಯುತ್ತಿತ್ತು. ಐದು ಎಣಿಸುವುದು, ಊದುವುದು. ಮತ್ತೆ ಐದು ಎಣಿಸುವುದು, ಊದುವುದು. ತಂಬಾಕಿನ ಘಾಟು ನನ್ನ ಬಾಯಿಗೂ ಹತ್ತಿತು. ಹಿಂದಿನಿಂದ ಯಾರೋ, "ಬಿಡಕ್ಕ, ಹೋಗ್ಬಿಟ್ಟಿದಾನೆ" ಅಂದರು. ಅವರ ಮೇಲಿನ ಸಿಟ್ಟಿಗೇ ಇನ್ನಷ್ಟು ಹೊತ್ತು ಊದಿದೆನೋ ಏನೋ. ಕಡೆಗೊಮ್ಮೆ ಶರಣಪ್ಪ ಕೆಮ್ಮಿದ, ತಾನೇ ಉಸಿರೆಳೆದುಕೊಂಡ.

ಅವನನ್ನು ವ್ಯಾನಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು. ನಾನು ನಲ್ಲಿ ಹತ್ತಿರ ಹೋಗಿ ವಾಂತಿ ಮಾಡಿಕೊಂಡೆ. ಸಂಜೆ ನಮ್ಮ ಮನೆಯವರಿಗೆ ನಡೆದದ್ದೆಲ್ಲ ಹೇಳಿದೆ. ಅವರು, "ಒಳ್ಳೇ ಕೆಲ್ಸ ಮಾಡಿದೀಯ. ಅಮ್ಮಂಗೆ ಮಾತ್ರ ಹೇಳ್ಬೇಡ" ಅಂದರು.

ಮೂರು ವಾರದ ಮೇಲೆ ಶರಣಪ್ಪನ ಹೆಂಡತಿ ಮಲ್ಲಮ್ಮ ಊರಿಂದ ಬಂದಳು. ಗೇಟಿನ ಹತ್ತಿರ ನನ್ನನ್ನು ಕರೆಸಿ, ಬೇಡವೆಂದರೂ ಕೇಳದೆ ಕಾಲಿಗೆ ಬಿದ್ದಳು. ಅಷ್ಟು ದಿನ ಎಲ್ಲರೂ ಹೊಗಳಿದ್ದನ್ನು ಸುಮ್ಮನೆ ಕೇಳಿಸಿಕೊಂಡಿದ್ದೆ. ಇವಳೆದುರು ಮಾತ್ರ ನನ್ನಿಂದ ಆಗಲಿಲ್ಲ.

"ನಾನು ತಕ್ಷಣ ಹೋಗ್ಲಿಲ್ಲ ಕಣಮ್ಮ. ಜನ ಏನಂತಾರೋ ಅಂತ ನಿಂತ್ಕೊಂಡು ನೋಡ್ತಿದ್ದೆ" ಅಂದುಬಿಟ್ಟೆ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಮುಖ ನೋಡಿದಳು. "ನಿಂತ್ರ ಏನಾತ್ರೀ ಅಕ್ಕಾರ? ಉಳದವ್ರು ಕಡೀತನಕ ನಿಂತಽ ಇದ್ರಲ್ರೀ" ಅಂದಳು.

ಎಷ್ಟು ಸುಲಭವಾಗಿ ಕ್ಷಮಿಸಿಬಿಟ್ಟಳು. ನನಗೆ ಇನ್ನೂ ಅದು ಆಗಿಲ್ಲ. ಶರಣಪ್ಪ ಬದುಕಿದ್ದಕ್ಕೆ ಜನ ನನ್ನನ್ನು ನೆನೆಯುತ್ತಾರೆ. ಅವನು ಅವತ್ತು ಸತ್ತಿದ್ದರೆ ಯಾರೂ ನನ್ನನ್ನು ದೂರುತ್ತಿರಲಿಲ್ಲ. ಗೊತ್ತಿದ್ದೂ ಜನಕ್ಕೆ ಹೆದರಿ ನಿಂತಿದ್ದೆ ಅನ್ನುವುದು ನನ್ನೊಬ್ಬಳಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ.